ಹೋಲ್ಡ್ ಅಂದರೆ ಏನು

ನಮ್ಮ ಅತ್ತೆಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ, ಆಮೇಲೆ ರೊಟ್ಟಿ ಮುರಿಯುವುದು ಅವರ ರೂಢಿ. ಕಳೆದ ಬೇಸಿಗೆಯ ಶುರುವಿನಲ್ಲಿ ಅವರಿಗೆ ವಾಂತಿಭೇದಿ ಹಿಡಿಯಿತು. ನಾನೇ ಹೊನ್ನಾಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಇಂಜೆಕ್ಷನ್ ಕೊಟ್ಟು, ರಕ್ತ ತೆಗೆಸಿ, ರಿಪೋರ್ಟ್ ಬಂದ ಮೇಲೆ ಮೆಸೇಜ್ ಹಾಕುತ್ತೇನೆ ಅಂತ ಹೇಳಿ ನಮ್ಮನ್ನು ಗೋವಿನಕೋವಿಗೆ ಕಳಿಸಿದರು.

ಮಾರನೆಯ ಬೆಳಿಗ್ಗೆ ಮೆಸೇಜ್ ಬಂತು. ‘ರಿಪೋರ್ಟ್ಸ್ ಸೀನ್. ಹೋಲ್ಡ್ ಶುಗರ್ ಟ್ಯಾಬ್ಲೆಟ್. ರಿವ್ಯೂ ಟುಮಾರೋ.’ ರಿಪೋರ್ಟ್ ನೋಡಿದ್ದಾರೆ, ನಾಳೆ ಬರಬೇಕು, ಅಷ್ಟು ಸರಿ. ನಡುವಿನ ಮಾತಿನ ಹತ್ತಿರ ನಾನು ನಿಂತುಬಿಟ್ಟೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಹೋಲ್ಡ್, ಹೆಲ್ಡ್, ಹೆಲ್ಡ್ ಅಂತ ಎಷ್ಟೋ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಹಿಡಿ, ಹಿಡಿದುಕೊ ಅಂತಲೇ ಅರ್ಥ ಹೇಳಿದ್ದೇನೆ. ಹಾಗಾದರೆ ಗುಳಿಗೆಯನ್ನು ಬಿಡದೆ ಕೊಡಬೇಕೋ, ಅಥವಾ ತಡೆಹಿಡಿಯಬೇಕೋ?

ಗಂಡನಿಗೆ ಜಗಳೂರಿನಲ್ಲಿ ನೌಕರಿ, ಶನಿವಾರವಷ್ಟೇ ಮನೆಗೆ ಬರುತ್ತಾರೆ. ಅವರ ಅಕ್ಕ ತಾಯಿಯನ್ನು ನೋಡಲು ಚನ್ನಗಿರಿಯಿಂದ ಬಂದಿದ್ದರು. ಅಡಿಕೆ ವ್ಯಾಪಾರದ ದೊಡ್ಡ ಮನೆಗೆ ಹಿರಿಸೊಸೆಯಾಗಿ ಹೋದವರು. ಅವರ ಮಾತಿಗೆ ಯಾರೂ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಫೋನ್ ಇಸಿದುಕೊಂಡು ಓದಿದರು.

“ಹೋಲ್ಡ್ ಅಂದ್ರೆ ಹಿಡ್ಕೊಳ್ಳಾದು. ಗುಳಿಗೆ ಬಿಡಬ್ಯಾಡ್ರಿ ಅಂತ ಬರ್ದಾರೆ. ಇದನ್ನ ತಿಳಿಯಾಕೆ ಬಿಎಡ್ ಬೇಕೇನು?”

“ಹಂಗಲ್ಲ ಅಕ್ಕ. ಸಂಬಳ ಹೋಲ್ಡ್ ಆಗೈತೆ ಅಂದ್ರೆ ಬಂದಿಲ್ಲ ಅಂತಲ್ವಾ? ಬಸ್ಸಿನಾಗೆ ಕಂಡಕ್ಟರ್ ಹೋಲ್ಡಾನ್ ಅಂದ್ರೆ ಡ್ರೈವರ್ ನಿಲ್ಲಿಸ್ತಾರೆ.”

“ಬಸ್ಸಿನ ಮಾತು ಗುಳಿಗಿಗ್ಯಾಕೆ? ನಿಲ್ಲಿಸ್ರಿ ಅನ್ನಂಗಿದ್ರೆ ಸ್ಟಾಪ್ ಅಂತ ಬರೀತಿರಲಿಲ್ವಾ ಅವ್ರು?”

ಹೌದಲ್ಲ, ಸ್ಟಾಪ್ ಅಂತ ಯಾಕೆ ಬರೆಯಲಿಲ್ಲ? ಗೊತ್ತಿದ್ದದ್ದು ಒಂದೇ: ಅತ್ತೆ ನಿನ್ನೆಯಿಂದ ಎರಡು ಗುಟುಕು ಗಂಜಿ ಬಿಟ್ಟರೆ ಏನೂ ತಿಂದಿರಲಿಲ್ಲ.

“ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಅಲ್ಲಿ ತನಕ ಕೊಡಬ್ಯಾಡ್ರಿ ಅಕ್ಕ” ಅಂದೆ.

ಒಳಗೆ ಸಿಗ್ನಲ್ ಸಿಗುವುದಿಲ್ಲ. ಹಿತ್ತಿಲಿಗೆ ಹೋಗಿ ಮಾಡಿದೆ. ಡಾಕ್ಟರ ಫೋನ್ ಬಂದ್ ಇತ್ತು. ಕ್ಲಿನಿಕ್ಕಿನದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಜಗಳೂರಿಗೆ ಮಾಡಿದರೆ ಗಂಡ, “ಇಂಗ್ಲಿಷ್ ಮೇಡಂ ನೀನು, ನನ್ನ ಕೇಳಿದ್ರೆ?” ಅಂದರು. ತಮಾಷೆಗೆ ಅಂದದ್ದು. ನನಗೆ ಅಳು ಒತ್ತರಿಸಿ ಬಂತು.

ವಾಪಸ್ ಬರುವಷ್ಟರಲ್ಲಿ ಅತ್ತೆಯ ಮಂಚದ ಪಕ್ಕ ಖಾಲಿ ಲೋಟವಿತ್ತು.

“ಕೊಟ್ಟೆ” ಅಂದರು ಅಕ್ಕ. “ಸಕ್ಕರೆ ಏರಿ ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ? ಅವಳು ನನ್ನ ಹೆತ್ತವಳು.”

ಗಂಜಿ ಬಿಸಿ ಮಾಡಿ ತಂದು ಕುಡಿಸಲು ನೋಡಿದೆ. ಅತ್ತೆ ಒಂದು ಚಮಚ ಬಾಯಿಗೆ ಇಟ್ಟುಕೊಂಡು ಮುಖ ತಿರುಗಿಸಿದರು. ಶಾಲೆಗೆ ರಜೆ ಹೇಳಿ ಅವರ ಕಾಲ ಬಳಿಯೇ ಕೂತೆ. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಜೋಡಿಸುತ್ತಿದ್ದರು. ಒಂದು ಹೊತ್ತಿನಲ್ಲಿ ಅತ್ತೆ ನನ್ನನ್ನು ನೋಡಿ, “ಎಮ್ಮೆಗೆ ನೀರು ಕುಡಿಸಿದ್ಯಾ?” ಅಂದರು. ನಮ್ಮಲ್ಲಿ ಎಮ್ಮೆ ಮಾರಿ ಎಷ್ಟೋ ಕಾಲವಾಗಿತ್ತು. ಹಣೆ ಮುಟ್ಟಿದೆ. ತಣ್ಣಗಿತ್ತು, ಬೆವರು ಸುರಿಯುತ್ತಿತ್ತು. ಕೈಗಳು ನಡುಗುತ್ತಿದ್ದವು. ಸಕ್ಕರೆ ಇಳಿದಿದೆ ಅಂತ ಹೊಳೆಯಿತು.

“ಅಕ್ಕಾ, ಸಕ್ಕರೆ ತರ್ರಿ!” ಅಂತ ಕಿರುಚಿದೆ.

“ಸಕ್ಕರೆನಾ? ಸಕ್ಕರೆ ಕಾಯಿಲೆಯವ್ರಿಗೆ?”

“ತರ್ರಿ ಅಂದ್ರೆ ತರ್ರಿ!”

ಮದುವೆಯಾಗಿ ಬಂದ ಮೇಲೆ ನಾನು ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅಕ್ಕ ಓಡಿದರು. ನೀರಿಗೆ ಸಕ್ಕರೆ ಕದಡಿ, ಅತ್ತೆಯನ್ನು ಎತ್ತಿ ಕೂರಿಸಿ, ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ಪಕ್ಕದ ಮನೆಯವರ ಆಟೋದಲ್ಲಿ ನ್ಯಾಮತಿ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ತಾಯಿಯ ಕೆನ್ನೆ ತಟ್ಟುತ್ತಾ “ಅವ್ವಾ, ಕಣ್ಣು ಬಿಡವ್ವಾ” ಅನ್ನುತ್ತಿದ್ದರು.

ನರ್ಸ್ ಬೆರಳು ಚುಚ್ಚಿ ನೋಡಿದರು. ಸಕ್ಕರೆ ತೀರಾ ಕೆಳಗೆ ಇಳಿದಿತ್ತು. ಗ್ಲೂಕೋಸ್ ಹಚ್ಚಿದರು. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟು, ಇದು ಯಾವ ಊರು ಅಂತ ಕೇಳಿದರು.

ಆಗ ಹೊನ್ನಾಳಿಯ ಡಾಕ್ಟರೇ ಫೋನ್ ಮಾಡಿದರು. ಆಪರೇಷನ್ನಿನಲ್ಲಿ ಇದ್ದರಂತೆ. “ಹೋಲ್ಡ್ ಅಂದ್ರೆ ಸದ್ಯಕ್ಕೆ ನಿಲ್ಲಿಸಿ ಅಂತ. ನಮ್ಮಲ್ಲಿ ಹಂಗೇ ಬರೆಯೋದು. ನೀವು ಇಂಗ್ಲಿಷ್ ಟೀಚರ್ ಅಲ್ವಾ ಮೇಡಂ?”

“ಹೌದು ಸಾರ್. ಇನ್ನು ಮೇಲೆ ನಮಗೆ ಕನ್ನಡದಲ್ಲೇ ಬರೀರಿ” ಅಂದೆ. ನನ್ನ ದನಿ ಗಡುಸಾಗಿತ್ತೇನೋ, ಅವರು “ಆಯ್ತಮ್ಮ” ಅಂದರು.

ರಾತ್ರಿ ಅಲ್ಲೇ ಇರಬೇಕು, ಆ ಗುಳಿಗೆಯ ಪ್ರಭಾವ ಬೇಗ ಇಳಿಯುವುದಿಲ್ಲ ಅಂತ ಆಸ್ಪತ್ರೆಯವರು ಹೇಳಿದರು. ಅಕ್ಕ ವರಾಂಡದ ಬೆಂಚಿನ ಮೇಲೆ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಅವರು ನನ್ನ ಮುಖ ನೋಡದೆ ಕೇಳಿದರು:

“ನಿಂಗೆ ಗೊತ್ತಿದ್ರೆ ಗುಳಿಗೆ ಎತ್ತಿಟ್ಟು ಯಾಕೆ ಹೋಗಲಿಲ್ಲ?”

“ನಂಗೂ ಗೊತ್ತಿರಲಿಲ್ಲ ಅಕ್ಕ.”

“ಇಂಗ್ಲಿಷ್ ಕಲಿಸೋರಿಗೂ?”

“ಹ್ಞೂಂ.”

ಅವರು ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರ ಕಣ್ಣು ತುಂಬಿತ್ತು. “ತಮ್ಮನಿಗೆ ನಾನೇ ಹೇಳ್ತೀನಿ, ನೀನು ಹೇಳಬ್ಯಾಡ” ಅಂದವರೇ ನನ್ನ ಫೋನ್ ತೆಗೆದುಕೊಂಡು ಅಂಗಳಕ್ಕೆ ಇಳಿದರು.