ಚಿಗರಿಯ ಗಾಳಿ ಬಲ್ಲ ಕಾಕಾ

ಕಾಕಾನ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಹೊಲದ ಬದುವಿಗೆ ಬಂದವರೇ ಆ ಸೀಳಿಗೆ ಎಂಜಲು ಸವರಿ, ಕಣ್ಣು ಮುಚ್ಚಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗುತ್ತಿದ್ದರು. ಎತ್ತ ಮುಖ ಮಾಡಿದಾಗ ಕಿವಿ ತಣ್ಣಗಾಗುತ್ತದೋ ಅದರ ಮೇಲೆ ಗಾಳಿಯ ದಿಕ್ಕು ಹೇಳುತ್ತಿದ್ದರು. ಚಿಗರಿಯ ಕೊಂಬು ತಾಗಿ ಹರಿದ ಕಿವಿ ಇರಬೇಕು ಎಂದು ನಾನು ಬಹಳ ದಿನ ನಂಬಿದ್ದೆ. ಕೇಳಿದಾಗ ನಕ್ಕುಬಿಟ್ಟರು. "ಸಣ್ಣಾಂವ ಇದ್ದಾಗ ಕಿವ್ಯಾಗ ಹಾಕಿದ್ದ ಒಂಟಿ ಹೊರಸಿನ ಹಗ್ಗದಾಗ ಸಿಕ್ಕಿತ್ರಿ ಮಾಸ್ತರ. ಅವ್ವ ಎಳದ್ಲು, ಹರೀತು. ಅಷ್ಟ."

ಮನಗೂಳಿಯ ಹತ್ತಿರ ನಮ್ಮದು ಆರು ಎಕರೆ ಎರೆಹೊಲ. ಅದಕ್ಕೆ ಹತ್ತಿಕೊಂಡೇ ಅವರ ಎರಡು ಎಕರೆ. ನಾನು ಬಾಗೇವಾಡಿ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಒಕ್ಕಲುತನ ನನ್ನ ಪಾಲಿಗೆ ಬಂತು. ಕಡಲೆ ಎರಡೆಲೆ ಬಿಡುವುದೇ ತಡ, ಪಶ್ಚಿಮದ ಗಾಯರಾಣದಿಂದ, ಅಂದರೆ ಊರ ದನ ಮೇಯುವ ಬಯಲಿನಿಂದ, ಚಿಗರಿಗಳ ಹಿಂಡು ಇಳಿಯುತ್ತಿತ್ತು. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ನೋಡಲು ಚೆಂದ, ಹೊಲಕ್ಕೆ ಬಂದರೆ ಸಂಕಟ.

ಅವನ್ನು ಪಟಾಕಿ ಇಲ್ಲದೆ, ನಾಯಿ ಇಲ್ಲದೆ ಹಿಂದಕ್ಕೆ ಕಳಿಸುವ ವಿದ್ಯೆ ಕಾಕಾನ ಹತ್ತಿರ ಇತ್ತು. ವರ್ಷಗಟ್ಟಲೆ ಹೊದ್ದು ಮೈವಾಸನೆ ಹಿಡಿದ ಒಂದು ಕರಿ ಕಂಬಳಿ, ಅಷ್ಟೇ. ಚಳಿಗಾಲದಲ್ಲಿ ಮೂಡಗಾಳಿ. ಚಿಗರಿ ಗಾಳಿಗೆ ಮೂಗು ಕೊಟ್ಟೇ ನಡೆಯುತ್ತದೆ, ಮುಂದೆ ಏನಿದೆ ಎಂದು ಅದಕ್ಕೆ ಮೊದಲೇ ತಿಳಿಯಬೇಕು. ಆದ್ದರಿಂದ ಕಾಕಾ ಹೊಲದ ಪೂರ್ವದ ಬದುವಿನ ಮೇಲೆ ಗೂಟ ನೆಟ್ಟು ಕಂಬಳಿ ಕಟ್ಟುತ್ತಿದ್ದರು. ಮನುಷ್ಯರ ವಾಸನೆ ಹೊಲದ ಮೇಲೆ ಹಾಯ್ದು ಹಿಂಡಿಗೆ ಮುಟ್ಟುತ್ತಿತ್ತು. ಮುಂದಿನ ಹೆಣ್ಣು ಚಿಗರಿ ಕತ್ತು ಎತ್ತುತ್ತಿತ್ತು, ಕಾಲು ಬಡಿಯುತ್ತಿತ್ತು, ಹಿಂಡು ಬಂದ ದಾರಿಗೇ ತಿರುಗುತ್ತಿತ್ತು.

ಈ ವಿದ್ಯೆ ಬೇಟೆಯದು ಎಂಬುದನ್ನು ಅವರು ಮುಚ್ಚಿಟ್ಟವರಲ್ಲ. ಅವರ ಅಪ್ಪನ ಕಾಲದಲ್ಲಿ ಹತ್ತು ಮಂದಿ ಸೇರಿ ಗಾಳಿ ಹೋಗುವ ಕಡೆ ಬಲೆ ಹರವುತ್ತಿದ್ದರಂತೆ. ಗಾಳಿ ಬರುವ ಕಡೆ ಕಂಬಳಿ. ವಾಸನೆಗೆ ಬೆದರಿದ ಚಿಗರಿ ತಾನಾಗಿಯೇ ಓಡಿ ಬಲೆಗೆ ಬೀಳುತ್ತಿತ್ತು. ಬಲೆಯ ಹತ್ತಿರ ಕೂತವರು ಸಪ್ಪಳ ಮಾಡದಿದ್ದರೆ ಸಾಕು, ಗಾಳಿ ಅವರ ಕಡೆಗೇ ಬೀಸುವುದರಿಂದ ಅವರ ವಾಸನೆ ಅದಕ್ಕೆ ಮುಟ್ಟುತ್ತಿರಲಿಲ್ಲ. ಮಗಳು ಹುಟ್ಟಿದ ವರ್ಷ ಕಾಕು, ಅವರ ಹೆಂಡತಿ, ಇನ್ನು ಬಲೆ ಒಳಗೆ ತಂದರೆ ತಾನು ಹೊರಗೆ ಎಂದು ಹಟ ಹಿಡಿದರು. ಕಾಕಾ ಬಲೆ ಸುಟ್ಟರು. "ಕಂಬಳಿ ಮಾತ್ರ ಇಟಗೊಂಡೇನ್ರಿ, ಥಂಡಿಗೆ ಬೇಕಲ್ಲ" ಎಂದು ಹೇಳಿ ಕಣ್ಣು ಹೊಡೆಯುತ್ತಿದ್ದರು.

ವರ್ಷಕ್ಕೊಮ್ಮೆ ಅವರನ್ನು ಶಾಲೆಗೆ ಕರೆಯುತ್ತಿದ್ದೆ. ಒಗೆದ ಧೋತರ ಉಟ್ಟು ಬರುತ್ತಿದ್ದರು, ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. "ನಿಮ್ಮ ಮಾಸ್ತರ ಹಚ್ಚಿಕೊಂಡ ಪೌಡರಿನ ವಾಸನಿ ನಿಡಗುಂದಿ ಚಿಗರಿಗೂ ಮುಟ್ಟೇತಿ" ಎನ್ನುತ್ತಿದ್ದಂತೆ ಮಕ್ಕಳು ಉರುಳಾಡಿ ನಗುತ್ತಿದ್ದರು. ಕೊನೆಗೆ ಪ್ರತಿ ವರ್ಷವೂ ಒಂದೇ ಮಾತು: "ಚಿಗರಿ ಬೆದರಿಸೂದು ಯಾರಿಗೂ ಬರತೈತಿ. ಮೊದಲ ಅದು ಓಡಿ ಹೋಗೂ ದಾರಿ ನೋಡಬೇಕು, ಆಮ್ಯಾಗ ಗಾಳಿ ನೋಡಬೇಕು." ನಾನು ಚಪ್ಪಾಳೆ ತಟ್ಟಿಸುತ್ತಿದ್ದೆ. ತಲೆಗೆ ಹಾಕಿಕೊಂಡಿರಲಿಲ್ಲ.

ಪೂರ್ವಕ್ಕೆ ನಮ್ಮ ಬದು ದಾಟಿದರೆ ಕಾಲುವೆ. ಎರಡೂ ಬದಿಗೆ ನುಣ್ಣನೆಯ ಸಿಮೆಂಟಿನ ಇಳಿಜಾರು. ಆ ವರ್ಷ ಕಡಲೆ ಹೂವಿಗೆ ಬಂದಾಗ ನೀರು ಬಿಟ್ಟಿದ್ದರು. ಕಾಕಾ ಮಗಳನ್ನು ನೋಡಲು ಮಧ್ಯಾಹ್ನದ ಬಸ್ಸಿಗೆ ಇಂಡಿಗೆ ಹೊರಟರು. ಎಂದಿನಂತೆ ಪೂರ್ವದ ಬದುವಿಗೆ ಕಂಬಳಿ ಕಟ್ಟಿ, "ನಾಳೆ ಮುಂಜಾನೆ ಬರ್ತೇನಿ. ಗಾಳಿ ತಿರುಗಿದ್ರ ಕಂಬಳಿ ಬಿಚ್ಚಿ ಇಟ್ಟು ಮನಿಗೆ ಹೋಗ್ರಿ. ತಿಂದಷ್ಟು ತಿನ್ಲಿ" ಎಂದರು.

ಇಳಿಹೊತ್ತಿಗೆ ಮೋಡ ಕವಿದು ಗಾಳಿ ತಿರುಗಿ ಪಶ್ಚಿಮದಿಂದ ಬೀಸತೊಡಗಿತು. ಹಿಂಡು ನಡುಹೊಲದಲ್ಲಿ ನಿಂತು ಹೂ ಕಡಲೆ ಮೇಯುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ನಾನು ವಿಜ್ಞಾನದ ಮಾಸ್ತರನಲ್ಲವೇ, ಗಾಳಿ ಬರುವ ಕಡೆ ಕಂಬಳಿ ಇರಬೇಕು ಎಂಬ ಸೂತ್ರ ಗೊತ್ತಿತ್ತು. ಕಂಬಳಿ ಬಿಚ್ಚಿಕೊಂಡು ಹೋಗಿ ಪಶ್ಚಿಮದ ಬದುವಿಗೆ ಕಟ್ಟಿದೆ.

ಸೂತ್ರ ಸರಿಯಾಗಿಯೇ ಕೆಲಸ ಮಾಡಿತು. ಹಿಂಡು ಒಮ್ಮೆಲೇ ಪೂರ್ವಕ್ಕೆ ಹಾರಿತು. ಮುಂದಿನವು ಕಾಲುವೆ ಕಂಡು ನಿಲ್ಲಲು ನೋಡಿದವು, ಹಿಂದಿನವು ನಿಲ್ಲಗೊಡಲಿಲ್ಲ. ಐದು ಬಿದ್ದವು. ಚಿಗರಿ ಈಜುತ್ತದೆ, ಆದರೆ ಆ ಸಿಮೆಂಟು ಹತ್ತಲಾರದು. ಗೊರಸು ಕೆರೆಯುವ ಸಪ್ಪಳ ಬಹಳ ಹೊತ್ತು ಕೇಳಿತು. ನಾನು ದಂಡೆಯಲ್ಲಿ ನಿಂತು ಯಾರನ್ನೂ ಕೂಗಲಿಲ್ಲ.

ಬೆಳಿಗ್ಗೆ ಊರು ನೆರೆದಿತ್ತು, ಅರಣ್ಯ ಇಲಾಖೆಯ ಗಾರ್ಡ್ ಬಂದಿದ್ದ. ಕಾಕಾ ಬಸ್ಸಿಳಿದು ನೇರ ಹೊಲಕ್ಕೆ ಬಂದರು. ದಂಡೆಯ ಮೇಲೆ ಸಾಲಾಗಿ ಮಲಗಿಸಿದ ಐದನ್ನು ನೋಡಿದರು. ಪಶ್ಚಿಮದ ಬದುವಿನ ಮೇಲಿನ ಕಂಬಳಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕಂಬಳಿ ಯಾರದು?" ಗಾರ್ಡ್ ಕೇಳಿದ.

"ನಂದ್ರಿ."

"ಅಲ್ಲಿ ಕಟ್ಟಿದವರು ಯಾರು?"

"ಕಂಬಳಿ ನಂದು ಅಂದ ಮ್ಯಾಲ ಮತ್ಯಾರು ಕಟ್ತಾರ್ರಿ?"

ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ನೌಕರಿ ಹೋದೀತು, ಜೈಲಾದೀತು ಎಂಬ ಭಯ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಕಾಕಾನನ್ನು ಅರಣ್ಯ ಇಲಾಖೆಯ ಕಚೇರಿಗೆ ಮೂರು ಸಲ ಕರೆಸಿದರು. ಇಂಡಿಯಲ್ಲಿದ್ದದ್ದು ನಿಜ, ಕಟ್ಟಿದ್ದನ್ನು ಕಂಡವರಿಲ್ಲ ಎಂದು ಕೊನೆಗೆ ಬಿಟ್ಟರು. ಊರ ಜನ ಬಿಡಲಿಲ್ಲ. "ಬ್ಯಾಟಿಗಾರನ ಬುದ್ಧಿ ಎಲ್ಲಿ ಹೋಗತೈತಿ, ಕಂಬಳಿ ಕಟ್ಟಿ ಇಂಡ್ಯಾಗ ಹೋಗಿ ಕುಂತ" ಎಂದರು. ಮಾಂಸದಾಸೆಗೆ ಕಾಲುವೆಯನ್ನೇ ಬಲೆ ಮಾಡಿಕೊಂಡ ಎಂದರು. ಬಲೆ ಸುಟ್ಟು ಇಪ್ಪತ್ತೈದು ವರ್ಷ ಸಂಪಾದಿಸಿದ ಹೆಸರು ಒಂದು ಮುಂಜಾನೆಯಲ್ಲಿ ಹೋಯಿತು.

ಒಂದು ವಾರದ ಮೇಲೆ ಅವರ ಮನೆಗೆ ಹೋಗಿ, "ಕಾಕಾ, ನಾನೇ ಹೋಗಿ ಹೇಳಿಬಿಡ್ತೇನಿ" ಎಂದೆ.

"ಹೇಳಿ ಏನ್ ಮಾಡ್ತೀರಿ? ನಿಮ್ಮ ನೌಕರಿ ಹೋದ್ರ ಮನಿ ಮಂದಿ ಉಪಾಸ ಬೀಳ್ತಾರ. ನನಗ ಬ್ಯಾಟಿಗಾರ ಅನ್ನೂದು ಹೊಸಾ ಮಾತಲ್ಲ ಬಿಡ್ರಿ."

ಆ ಮಾತು ಕೇಳಿ ನನ್ನ ಎದೆ ಹಗುರಾಯಿತು. ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿಸುವುದು ಆ ಹಗುರವೇ.

ಅವರು ಚಹಾದಂಗಡಿಗೆ ಬರುವುದನ್ನು ಬಿಟ್ಟರು. ಹೊಲಕ್ಕೆ ಊರ ಹಿಂದಿನ ದಾರಿ ಹಿಡಿದರು. ಕಿವಿಗೆ ಎಂಜಲು ಹಚ್ಚುವುದೂ ನಿಂತಿತು. ಮುಂದಿನ ವರ್ಷ ಶಾಲೆಯಲ್ಲಿ ಅವರನ್ನು ಕರೆಯುವ ಮಾತೆತ್ತಿದಾಗ ಒಬ್ಬರು ಮೂಗು ಮುರಿದರು, ನಾನು ಸುಮ್ಮನಾದೆ. ಮತ್ತೊಂದು ಸುಗ್ಗಿ ಮುಗಿದಾಗ ಬದುವಿನ ಮೇಲೆ ಸಿಕ್ಕ ಕಾಕಾ ನೆಲ ನೋಡುತ್ತ ಕೇಳಿದರು: "ಸಾಲಿ ಹುಡುಗೂರು ಈ ಸಲಾನೂ ಕರೀಲಿಲ್ಲಲ್ರಿ?" ಪರೀಕ್ಷೆಯ ಗದ್ದಲ ಎಂದು ಸುಳ್ಳು ಹೇಳಿದೆ. "ಹೌದ್ರಿ, ಹೌದ್ರಿ, ಪರೀಕ್ಷಾ ಮೊದಲ" ಎಂದು ತಲೆ ಆಡಿಸಿದರು. ನನ್ನನ್ನು ಮುಜುಗರದಿಂದ ಪಾರು ಮಾಡುವ ಅವಸರ ಅವರಿಗಿತ್ತು.

ಈ ಬೇಸಿಗೆಯಲ್ಲಿ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು. ನಾನು ನಿವೃತ್ತನಾಗಿ ವರ್ಷ ದಾಟಿತ್ತು, ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಅಂಥ ಧೈರ್ಯ ಹೊತ್ತುಕೊಂಡು ಕಾಕುವಿನ ಮುಂದೆ ಕೂತು ಎಲ್ಲ ಹೇಳಿದೆ. ಅವರು ಅಳಲಿಲ್ಲ, ಬಯ್ಯಲೂ ಇಲ್ಲ.

"ನನಗ ಗೊತ್ತಿಲ್ಲೇನ್ರಿ? ನನ್ನ ಮುಂದ ಯಾಕ ಹೇಳ್ತೀರಿ? ಊರಾಗ ಹೇಳ್ರಿ."

ಎದ್ದು ನೇರ ಚಹಾದಂಗಡಿಗೆ ಹೋದೆ. ಏಳೆಂಟು ಮಂದಿ ಇದ್ದರು. ನಿಂತುಕೊಂಡೇ ಹೇಳಿದೆ: ಗಾಳಿ ತಿರುಗಿದ್ದು, ಕಂಬಳಿ ಬಿಚ್ಚಿದ್ದು, ಕಟ್ಟಿದ್ದು, ಹೆದರಿ ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡದೆ ಹೇಳಿದೆ. ಕೊನೆಗೆ ಹಿರಿಯರೊಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು, ಚಹಾ ತರಿಸಿದರು.

"ಸತ್ತವರ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳೂದು ಎಲ್ಲಾರಿಗೂ ಆಗಂಗಿಲ್ರಿ," ಎಂದರು. "ಭಾಳ ದೊಡ್ಡ ಮನಸ್ಸಿನವರು ನೀವು, ಮಾಸ್ತರ."