“ನಾ ಒದರಿದ್ರೂ ಬರಬ್ಯಾಡ್ರಿ”

ಕೊರೊನಾ ಮುಗಿದು ಎಲ್ಲವೂ ಮೊದಲಿನಂತಾದ ಮೇಲೆ ಬಂದ ಬೇಸಿಗೆ ಅದು. ನಾನು ಯಾದಗಿರಿ ಹತ್ತಿರದ ಮುದನಾಳದವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ಆ ರಜೆಯಲ್ಲಿ ನಮ್ಮ ಕಡೆಯ ಒಂದು ಹಳೆಯ ಜೈಲಿಗೆ ಹೋಗಿ, ಓದುಬರಹ ಬಾರದ ಕೈದಿಗಳಿಗೆ ಅಕ್ಷರ ಕಲಿಸುತ್ತಿದ್ದೆ. ಯಾವ ಊರಿನ ಜೈಲು ಎಂದು ಹೇಳುವುದು ಬೇಡ. “ಕಳ್ಳರಿಗೆ ಕಾಗುಣಿತ ಕಲಿಸಾಕ ಹೋಗ್ಯಾಳ” ಎಂದು ನಮ್ಮತ್ತೆ ಓಣಿಯವರ ಮುಂದೆ ನಗುತ್ತಿದ್ದರು.

ಒಂದು ದಿನ ಹೋದಾಗ ಜೈಲಿನ ಗುರುತೇ ಸಿಗಲಿಲ್ಲ. ಗೋಡೆಗಳಿಗೆಲ್ಲ ಹೊಸ ಸುಣ್ಣ, ಅಂಗಳಕ್ಕೆಲ್ಲ ನೀರು. ಗೇಟಿನಲ್ಲಿ ವಾರ್ಡರ್ ಹಣಮಂತಪ್ಪ ಎಂದಿನಂತೆ ನನ್ನ ಚೀಲ ಇಸಿದುಕೊಂಡ.

“ಅಕ್ಕೋರ, ಇವತ್ತು ಕ್ಲಾಸ್ ಇಲ್ರಿ. ಇಡೀ ರಾಜ್ಯದ ಜೈಲುಗಳಿಗೆ ಹೊಸಾ ದೊಡ್ಡ ಸಾಹೇಬ್ರು ಬಂದಾರಲ್ರಿ, ಅವರು ತಪಾಸಣಿಗಿ ಬರಾಕತ್ತಾರ. ಪಾಟಿ ಪುಸ್ತಕ ಅಷ್ಟ ಹೊಂದಿಸಿಟ್ಟು ಹೋಗ್ರಿ” ಎಂದ.

ಹಿಂದಿನ ಸಾಲಿನ ಕೊನೆಯ ಕೋಣೆಯಲ್ಲಿ ನಮ್ಮ ಸಾಮಾನು ಇರುತ್ತಿತ್ತು. ಅದರ ಪಕ್ಕದ ಕೋಣೆ ಬಹಳ ಕಾಲದಿಂದ ಖಾಲಿ. ನಾನು ಕಪಾಟಿನ ಹಿಂದೆ ನೆಲದ ಮೇಲೆ ಕೂತು ಪಾಟಿ ಒರೆಸುತ್ತಿದ್ದೆ. ಹೊರಗೆ ಬೂಟುಗಳ ಓಡಾಟ ಶುರುವಾಯಿತು. “ಗಾಡಿ ಬಂತು, ಗಾಡಿ ಬಂತು” ಎಂದು ಯಾರೋ ಕೂಗಿದರು. ನಾನು ಏಳುವಷ್ಟರಲ್ಲಿ ಯಾರೋ ತಗಡಿನ ಬಾಗಿಲು ಎಳೆದು, ಕೀಲಿ ಹಾಕಿ ಓಡಿಬಿಟ್ಟರು. ಒಳಗೆ ನಾನಿರುವುದನ್ನು ನೋಡಿರಲಿಲ್ಲ. ಒಂದೆರಡು ಸಲ ಕೂಗಿದೆ. ಆಮೇಲೆ, ಸಾಹೇಬರ ಮುಂದೆ ಪಾಪ ಹಣಮಂತಪ್ಪನಿಗೆ ಬೈಗುಳ ಬೀಳಬಾರದು, ಹೇಗೂ ಬರುತ್ತಾನೆ ಎಂದು ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿಗೆ ಇಡೀ ಜೈಲು ಸದ್ದಡಗಿತು. ನಡುಮಧ್ಯಾಹ್ನ. ಯಾವಾಗಲೂ ಕೆಮ್ಮು, ಜಗಳ, ಊಟದ ತಾಟಿನ ಸಪ್ಪಳ ಕೇಳುವ ಜಾಗ ಅದು. ಅಷ್ಟು ಜನ ಒಳಗಿದ್ದೂ ಒಬ್ಬರ ಉಸಿರೂ ಇಲ್ಲವೆಂದರೆ ಹೇಗೆ?

ಆಗ ಪಡಸಾಲೆಯಲ್ಲಿ ಹೆಜ್ಜೆಗಳು ಕೇಳಿಸಿದವು. ಪಕ್ಕದ ಕೋಣೆಯ ಬಾಗಿಲು ತೆರೆದು, ಮುಚ್ಚಿ, ಕೀಲಿ ಬಿತ್ತು. ಬಂದ ಹೆಜ್ಜೆಗಳು ಹಿಂದಿರುಗಿದವು, ದೂರದ ಗೇಟೂ ಮುಚ್ಚಿತು. ನಡುವಿನ ಗೋಡೆಯ ಮೇಲೆ ಒಂದು ಕಿಂಡಿ ಇತ್ತು. ಅದರೊಳಗಿಂದ ಯಾರೋ ಉಸಿರಾಡುವುದು ಕೇಳತೊಡಗಿತು. ಕರೆಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಒಳಗಿದ್ದವರು ಪಿಸುಗುಡುತ್ತಿದ್ದರು.

“ಒದರು. ಇನ್ನೊಮ್ಮಿ ಒದರು. ಈಗ ಬರ್ತೀನಿ.”

ಉತ್ತರಕ್ಕೆ ಕಾಯುವವರ ಹಾಗೆ ಸುಮ್ಮನಾಗಿ, ಮತ್ತೆ ಅದೇ ಮಾತು. ಅಲ್ಲಿ ಇನ್ನೊಬ್ಬರಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಮೊದಲಿಂದಲೂ ಉಬ್ಬಸ. ಹಸಿ ಸುಣ್ಣದ ವಾಸನೆ, ಸೆಕೆ, ಮೇಲೆ ಈ ಹೆದರಿಕೆ. ಎದೆ ಬಿಗಿಯಿತು. ಉಸಿರಿನ ಪಂಪು ಗೇಟಿನಲ್ಲಿಟ್ಟ ಚೀಲದಲ್ಲಿತ್ತು. ತಡೆಯಬೇಕೆಂದರೂ ಎದೆಯಿಂದ ಸಿಳ್ಳೆಯಂತಹ ಸದ್ದು ಹೊರಟೇಬಿಟ್ಟಿತು.

ಪಿಸುಮಾತು ನಿಂತಿತು. ಗೋಡೆಯ ಹತ್ತಿರ ಬಂದ ಸಪ್ಪಳವಾಯಿತು.

“ಬಂದೀಯೇನು?” ಎಂದು ಕೇಳಿತು ಆ ದನಿ.

ನಾನು ಹೇಗೋ ಬಾಯಿಬಿಟ್ಟೆ. “ನಾನ್ರಿ... ಸಾಲಿ ಅಕ್ಕೋರು... ಉಸಿರು ಸಿಗವಲ್ದು...”

ಗೋಡೆಯನ್ನು ಕೈಯಿಂದ ತಡವಿದ ಸದ್ದಾಯಿತು. ಆಮೇಲೆ, “ಜೀವಂತ ಅದೀರೇನು ನೀವು?” ಎಂದರು.

“ಹೌದ್ರಿ...”

ಆ ಕೂಡಲೇ ಅವರು ಬಾಗಿಲಿನ ಸರಳು ಹಿಡಿದು ಕೂಗತೊಡಗಿದರು. “ಯಾರದೀರಿ ಅಲ್ಲಿ? ಬಾಗಿಲು ತಗೀರಿ! ನಾ ಹೇಳಾಕತ್ತೀನಿ, ತಗೀರಿ!” ಹುಕುಂ ಕೊಟ್ಟು ರೂಢಿಯಿದ್ದ ದನಿ. ಯಾರೂ ಬರಲಿಲ್ಲ. ಬಾಗಿಲಿಗೆ ಬೂಟುಗಾಲಿನಿಂದ ಒದ್ದರು. ಆಗಲೂ ಯಾರೂ ಇಲ್ಲ. ಕೊನೆಗೆ ದನಿ ಒಡೆದು ಹೋಯಿತು. “ಅಕ್ಕೋರ, ಮಾತಾಡಬ್ಯಾಡ್ರಿ. ಕುಂತು ಸಾವಕಾಶ ಉಸಿರು ಎಳ್ಕೊರ್ರಿ. ನಾ ಇಲ್ಲೇ ಅದೀನಿ” ಎಂದು ಹೇಳಿ ಮತ್ತೆ ಕೂಗಿದರು.

ನನಗೆ ಕಣ್ಣು ಕತ್ತಲಿಡುತ್ತಿತ್ತು. ಆಗ ದೂರದ ಬ್ಯಾರಕ್‌ನಲ್ಲಿ ಯಾರೋ ತಾಟನ್ನು ಸರಳಿಗೆ ಬಡಿದರು. ಇನ್ನೊಬ್ಬರು ಬಡಿದರು. ನೋಡುನೋಡುತ್ತ ಇಡೀ ಜೈಲು ಬಡಿಯತೊಡಗಿತು. ಒರಗಿದ್ದ ಗೋಡೆ ನನ್ನ ಬೆನ್ನಿಗೆ ನಡುಗುತ್ತಿತ್ತು. ಆಮೇಲೆ ಗೇಟು ತೆರೆದು ಬೂಟುಗಳು ಓಡಿ ಬಂದವು.

ಪಂಪು ಎಳೆದು, ನೀರು ಕುಡಿದು ಸುಧಾರಿಸಿಕೊಂಡಾಗ ನಾನು ಜೈಲಿನ ಆಫೀಸಿನಲ್ಲಿದ್ದೆ. ಎದುರು ಕೂತವರ ಭುಜಕ್ಕೆಲ್ಲ ಸುಣ್ಣ. ಅವರೇ ಆ ದೊಡ್ಡ ಸಾಹೇಬರು ಎಂದು ಆಗ ತಿಳಿಯಿತು. ಯಾವ ಜೈಲಿಗೆ ಹೋದರೂ ಖಾಲಿ ಕೋಣೆಯೊಂದರಲ್ಲಿ ಕೀಲಿ ಹಾಕಿಸಿಕೊಂಡು ಸ್ವಲ್ಪ ಹೊತ್ತು ಒಬ್ಬರೇ ಕೂರುವುದು ಅವರ ರೂಢಿಯಂತೆ. ಫೋನು ಕೂಡ ಹೊರಗೇ ಇಡುತ್ತಿದ್ದರು.

ಹಣಮಂತಪ್ಪ ಅಳುತ್ತಿದ್ದ. “ತಪ್ಪಾತ್ರೀ ಸಾಹೇಬ್ರ. ‘ನಾ ಒದರಿದ್ರೂ ಬರಬ್ಯಾಡ್ರಿ, ಹೊತ್ತಾದ ಮ್ಯಾಲೆ ಬರ್ರಿ’ ಅಂತ ನೀವ ಹೇಳಿದ್ರಿ. ನಿಮ್ಮ ದನಿ ಕೇಳತಿತ್ತು. ಗೇಟಿನ್ಯಾಗ ಕೈ ಕಟ್ಟಿ ನಿಂತಿದ್ವಿ.”

ಸಾಹೇಬರು ಅವನನ್ನು ಬೈಯಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ನೆಲ ನೋಡುತ್ತ ನನಗೆ ಹೇಳಿದರು. “ಹೊಸದಾಗಿ ನೌಕರಿಗಿ ಸೇರಿದಾಗ ಒಂದು ಠಾಣ್ಯಾಗ ಇದ್ದೆ. ಲಾಕಪ್ಪಿನಾಗ ಒಬ್ಬಾಂವ ಒದರಿದ. ನಿಮ್ಮಂಗ ಉಸಿರು ಎಳೀತಿದ್ದ. ನಾಟಕ ಮಾಡಾಕತ್ತಾನ ಅಂದೆ.” ಅಲ್ಲಿಗೆ ನಿಲ್ಲಿಸಿದರು. ಮುಂದೇನಾಯಿತು ಎಂದು ನಾನು ಕೇಳಲಿಲ್ಲ.

ಹೊರಡುವ ಮುಂಚೆ ಸಿಬ್ಬಂದಿಯನ್ನೆಲ್ಲ ಅಂಗಳಕ್ಕೆ ಕರೆಸಿದರು. “ಒಳಗ ಯಾರ ಒದರಿದ್ರೂ ಓಡಿ ಬರಬೇಕು. ಬರಬ್ಯಾಡ್ರಿ ಅಂತ ನಾನ ಹುಕುಂ ಮಾಡಿದ್ರೂ ಬರಬೇಕು. ತಿಳೀತಿಲ್ಲೋ?” ಅಷ್ಟು ಹೇಳಿ ಗಾಡಿ ಹತ್ತಿದರು.

ಮುಂದಿನ ಕ್ಲಾಸಿನಲ್ಲಿ ಮೊದಲು ತಾಟು ಬಡಿದವರು ಯಾರು ಎಂದು ಕೇಳಿದೆ. ಯಾರೂ ಬಾಯಿಬಿಡಲಿಲ್ಲ. ಕಕ್ಕೇರಾ ಕಡೆಯ ಒಬ್ಬ ಮುದುಕ ಮಾತ್ರ, “ಸಾಹೇಬ್ರಂತ ನಮಗೇನು ಗೊತ್ತುರಿ ಅಕ್ಕೋರ? ಒದರಾಕತ್ತಾರ ಅಂದ್ರ ನಮ್ಮವರ ಅಂದ್ಕೊಂಡ್ವಿ” ಎಂದ.

ಅವರೆಲ್ಲರಿಂದ ನನ್ನ ಜೀವ ಉಳಿಯಿತು. ಅದನ್ನು ನೆನೆದರೆ ಇಂದಿಗೂ ಕಣ್ಣು ತುಂಬುತ್ತದೆ. ಆದರೆ ಮನೆಯಲ್ಲಿ ಒಬ್ಬಳೇ ಇದ್ದಾಗ ನೆನಪಿಗೆ ಬರುವುದು ಆ ತಾಟುಗಳ ಸದ್ದಲ್ಲ. ಗೋಡೆಯಾಚೆಯಿಂದ “ಬಂದೀಯೇನು?” ಎಂದು ಕೇಳಿದ ಆ ದನಿ. ಆ ಲಾಕಪ್ಪಿನಲ್ಲಿ ಸತ್ತವನೇ ಬಂದಿದ್ದಾನೆ ಎಂದುಕೊಂಡ ಆ ಗಳಿಗೆಯಲ್ಲಿ ಅವರಿಗೆ ಒಂದಿಷ್ಟೂ ಹೆದರಿಕೆಯಾಗಿರಲಿಲ್ಲ. ಬಹಳ ವರ್ಷ ಕಾದು ಕೂತವರಿಗೆ ಕೊನೆಗೂ ಬಾಗಿಲ ಸಪ್ಪಳ ಕೇಳಿದಂತೆ, ಅವರ ದನಿಯಲ್ಲಿ ಹಿಗ್ಗಿತ್ತು.