ಭೈರಮ್ಮ ಕೇಳಿದ ಉಪಪ್ರಶ್ನೆ

ಬಸರೀಕಟ್ಟೆಯ ಮೇಲಿನ ಕಾಫಿ ತೋಟಕ್ಕೆ ಭೈರಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿನ ರೈಟರು, ಅಂದರೆ ಆಳುಗಳ ಹಾಜರಿ ನೋಡಿಕೊಳ್ಳುವವರು, ಹೆಂಗಸರನ್ನೆಲ್ಲ ‘ಏ ಇವಳೇ’ ಎಂದೇ ಕೂಗುತ್ತಿದ್ದರು. ಭೈರಮ್ಮ ತಿರುಗಿ ನೋಡುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೇ ಎಂದು ಅವರು ಹತ್ತಿರ ಬಂದು ಗದರಿದಾಗ, ತನಗೂ ಹೆಸರೊಂದಿದೆ ಎಂದಷ್ಟೇ ಹೇಳಿ ಮತ್ತೆ ಹಣ್ಣು ಕೊಯ್ಯತೊಡಗಿದಳಂತೆ. ಸಿರಿಮನೆ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣು. ಗಂಟಲು ಏರಿಸಿ ಮಾತಾಡಿದ್ದನ್ನು ಕೇಳಿದವರಿಲ್ಲ. ಆದರೆ ಹೇಳಬೇಕಾದ್ದನ್ನು ನುಂಗಿಕೊಂಡದ್ದನ್ನು ನೋಡಿದವರೂ ಇಲ್ಲ.

ಗಂಡ ವಾಸಪ್ಪ ಅವಳಿಗೆ ತದ್ವಿರುದ್ಧ. ಮಾತು, ನಗು, ಹಾದಿಯಲ್ಲಿ ಸಿಕ್ಕವರಿಗೆಲ್ಲ ಒಂದು ತಮಾಷೆ. ಕಾಳುಮೆಣಸಿನ ಕಾಲದಲ್ಲಿ ಮರಕ್ಕೆ ಏಣಿ ಇಟ್ಟು ಹತ್ತಿದನೆಂದರೆ ಕೆಳಗಿದ್ದವರಿಗೆ ಅವನ ಹರಟೆ ಮರದ ಮೇಲಿನಿಂದಲೇ ಕೇಳಿಸುತ್ತಿತ್ತು. ತೋಟದ ಕೆಲಸ ಇಲ್ಲದ ದಿನ ಕಾಡಿಗೆ ಹೋಗಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಕೊಟ್ಟಿಗೆ ಇದ್ದವರ ಮನೆಗೆ ಹಾಕುತ್ತಿದ್ದ.

ಎರಡು ವರ್ಷದ ಹಿಂದೆ ಶಿವರಾತ್ರಿ ಆಸುಪಾಸಿನಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಮಂಗ ಸತ್ತ ಜಾಗದ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ವಾಸಪ್ಪನಿಗೂ ಗೊತ್ತಿತ್ತು. ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಆ ಸಲ ಆಳುಗಳು ಸಾಲಾಗಿ ವಾಸವಿದ್ದ ತೋಟದ ಲೈನ್‌ಮನೆಗಳಿಗೆ ಇನ್ನೂ ಬಂದಿರಲಿಲ್ಲ. ಎಣ್ಣೆಯಿಲ್ಲದೆಯೇ ಕಾಡಿಗೆ ಹೋದ. ವಾರದೊಳಗೆ ಸುಡುವ ಜ್ವರ, ಸೊಂಟ ಮುರಿದಂಥ ನೋವು, ಕಣ್ಣು ಕೆಂಡ. ಆಶಾ ಕಾರ್ಯಕರ್ತೆ ರೇಖಾ ಅಂದೇ ಬಂದು ರಕ್ತ ಪರೀಕ್ಷೆಗೆ ಕಳಿಸಿದಳು. ಮಂಗನ ಕಾಯಿಲೆಯೇ ಎಂದು ಉತ್ತರ ಬಂತು. ಆದರೆ ಜ್ವರದವರನ್ನು ಸಾಗಿಸಲೆಂದೇ ಇದ್ದ ಒಂದು ಆಂಬುಲೆನ್ಸ್ ಮೂರು ತಾಲ್ಲೂಕಿಗೂ ಸುತ್ತಬೇಕಿತ್ತು. ಅದು ನರಸಿಂಹರಾಜಪುರದ ಕಡೆ ಹೋಗಿತ್ತು. ಕಾದು ಕಾದು, ಕೊನೆಗೆ ಆಳುಗಳನ್ನು ಕೆಲಸಕ್ಕೆ ಒಯ್ಯುವ ಜೀಪಿನ ಹರೀಶ ಹಿಂದಿನ ಸೀಟಿನಲ್ಲಿ ಚಾಪೆ ಹಾಸಿ ಅವನನ್ನು ಕೊಪ್ಪಕ್ಕೆ ಇಳಿಸಿದ. ಅಲ್ಲಿಂದ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ. ಅಲ್ಲಿ ಕಿಡ್ನಿ ಕೈಕೊಟ್ಟಿತು. ವಾಸಪ್ಪ ಮನೆಗೆ ಮರಳಿದ್ದು ಹೆಣವಾಗಿ.

ತಿಥಿ ಕಳೆದ ಮೇಲೆ ವಿಧಾನ ಪರಿಷತ್ತಿನ ಸದಸ್ಯ ಸೋಮಶೇಖರಪ್ಪನವರು ಲೈನ್‌ಮನೆಗೆ ಬಂದರು. ಬಾಳೆಹೊನ್ನೂರು ಕಡೆಯ ವ್ಯಾಪಾರಸ್ಥ ಮನೆತನದವರು. ಕುರ್ಚಿ ತರಿಸುತ್ತೇವೆಂದರೂ ಬೇಡವೆಂದು ಭೈರಮ್ಮನ ಜಗಲಿಯ ಮೇಲೆ ಚಾಪೆಯಲ್ಲೇ ಕೂತರು. ಅವಳು ಕೊಟ್ಟ ಕಪ್ಪು ಕಾಫಿ ಕುಡಿದರು. ಎಣ್ಣೆ ಬಾರದ್ದು, ಗಾಡಿ ಸಿಗದ್ದು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಏಳುವಾಗ ಅವಳ ಕೈ ಹಿಡಿದು, “ಇದನ್ನ ಸದನದಲ್ಲಿ ಕೇಳದೆ ಬಿಡೋದಿಲ್ಲ ಕಣಮ್ಮ,” ಅಂದರು. ಅವರ ಕಣ್ಣು ಒದ್ದೆಯಾಗಿದ್ದನ್ನು ಭೈರಮ್ಮ ನೋಡಿದಳು. ಸುಳ್ಳಲ್ಲ, ಅವತ್ತು ಅವಳಿಗೆ ಒಂದಿಷ್ಟು ಸಮಾಧಾನವಾಗಿತ್ತು.

ಅವರು ಕೇಳಿದರು ಕೂಡ. ಮಾತು ತಪ್ಪಲಿಲ್ಲ.

ಮುಂದಿನ ಅಧಿವೇಶನದ ಹೊತ್ತಿಗೆ, ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಜೀಪಿನಲ್ಲಿ ಹರೀಶ ತನ್ನ ಮೊಬೈಲನ್ನು ಹಿಂದಕ್ಕೆ ಕೊಟ್ಟ. ‘ಮಲೆನಾಡಿನ ದನಿ ಸದನದಲ್ಲಿ’ ಎಂದು ಸೋಮಶೇಖರಪ್ಪನವರ ಕಡೆಯವರೇ ವಾಟ್ಸಾಪಿನಲ್ಲಿ ಹಂಚಿದ್ದ ವಿಡಿಯೋ. ಜೀಪು ತಿರುವಿನಲ್ಲಿ ವಾಲುತ್ತಿತ್ತು, ಹೆಂಗಸರೆಲ್ಲ ತಲೆಗೆ ತಲೆ ತಾಗಿಸಿ ನೋಡಿದರು. ಸೋಮಶೇಖರಪ್ಪನವರು ಎದ್ದು ನಿಂತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈ ಕಾಯಿಲೆಯಿಂದ ಸತ್ತವರೆಷ್ಟು, ಇದಕ್ಕಾಗಿ ಕೊಟ್ಟ ಅನುದಾನವೆಷ್ಟು, ಖರ್ಚಾದದ್ದೆಷ್ಟು ಎಂದು ಕೇಳಿದರು. ಮಂತ್ರಿಗಳು ಕನ್ನಡಕ ಸರಿಮಾಡಿಕೊಂಡು ಓದಿದರು.

“ಸದರಿ ಮೂರು ತಾಲ್ಲೂಕುಗಳಲ್ಲಿ ಪ್ರಸಕ್ತ ಸಾಲಿನಲ್ಲಿ ಯಾವುದೇ ಸಾವು ಸಂಭವಿಸಿರುವುದಿಲ್ಲ. ಅನುದಾನವನ್ನು ಪೂರ್ಣವಾಗಿ ಬಳಸಲಾಗಿದೆ.”

ಮಂತ್ರಿಯ ಉತ್ತರವಾದ ಮೇಲೆ ಕೇಳಿದವರಿಗೆ ಉಪಪ್ರಶ್ನೆ ಎತ್ತುವ ಅವಕಾಶ ಇರುತ್ತದೆ. ಸಭಾಪತಿಗಳು ಹೆಸರು ಹಿಡಿದು, ಉಪಪ್ರಶ್ನೆ ಇದೆಯೇ ಎಂದೂ ಕೇಳಿದರು. ಸೋಮಶೇಖರಪ್ಪನವರು ಅರ್ಧ ಎದ್ದು, ಇಲ್ಲ, ಮಂತ್ರಿಗಳ ಉತ್ತರ ತೃಪ್ತಿ ತಂದಿದೆ, ಧನ್ಯವಾದ ಎಂದು ಕೂತರು.

ಭೈರಮ್ಮ ಇನ್ನೊಮ್ಮೆ ಹಾಕು ಅಂದಳು. ಮತ್ತೊಮ್ಮೆ ನೋಡಿ ಮೊಬೈಲು ಹಿಂದಿರುಗಿಸಿದಳು. ಅವಳ ಜೊತೆಗೆ ಕೆಲಸ ಮಾಡುವ ಪ್ರೇಮಕ್ಕ ಹೇಳುವ ಪ್ರಕಾರ, ಅವತ್ತು ಇಡೀ ದಿನ ಅವಳು ಕಾಫಿ ಗಿಡದ ಚಿಗುರು ತೆಗೆಯುತ್ತಲೇ ಇದ್ದಳು. ಮಧ್ಯಾಹ್ನದ ಬುತ್ತಿ ಬಿಚ್ಚಲೂ ಇಲ್ಲ.

ಮಾರನೆಯ ದಿನ ಕೆಲಸ ಬಿಟ್ಟು ಕೊಪ್ಪದ ಆರೋಗ್ಯ ಇಲಾಖೆ ಕಚೇರಿಗೆ ಹೋದಳು. ರೇಖಾ ಜೊತೆಗೆ ಬಂದಳು. ಅಲ್ಲಿನ ಅಧಿಕಾರಿ ಕೆಟ್ಟವರೇನಲ್ಲ, ಕೂರಿಸಿ ಮಾತಾಡಿಸಿದರು. ವಾಸಪ್ಪನಿಗೆ ಕಾಯಿಲೆ ಬಂದದ್ದನ್ನು ಅವರೂ ಒಪ್ಪಿದರು. ಆದರೆ ದೊಡ್ಡಾಸ್ಪತ್ರೆಯವರು ಸಾವಿಗೆ ಕಾರಣ ಕಿಡ್ನಿ ವೈಫಲ್ಯ ಎಂದಿದ್ದಾರೆ, ಅದೂ ಬೇರೆ ಜಿಲ್ಲೆಯಲ್ಲಿ. ತಾವು ಕಳಿಸಿದ ಅಂಕಿ ಅಂಶದಲ್ಲಿ ತಪ್ಪಿಲ್ಲ ಎಂದು ವಿವರಿಸಿದರು.

“ಕಾಯಿಲೆ ಬಂದಿದ್ದು ನಮ್ಮ ಲೆಕ್ಕದಲ್ಲಿ ಉಂಟಮ್ಮ. ಸತ್ತಿದ್ದು ಮಾತ್ರ ನಮ್ಮ ಲೆಕ್ಕಕ್ಕೆ ಬರಲ್ಲ.”

“ಹಂಗಾದ್ರೆ ಆ ಕಾಯಿಲೆ ಬರದೆ ಇದ್ರೂ ಅವರ ಕಿಡ್ನಿ ಹೋಗ್ತಿತ್ತಾ ಸಾರ್?”

ಅಧಿಕಾರಿ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ, ನಿಯಮ ಹಾಗಿದೆ ಅಂದರು. ಹೊರಗೆ ಬಂದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತ ಭೈರಮ್ಮ ಬಂದ ಬಸ್ಸನ್ನು ಹತ್ತದೆ ಬಿಟ್ಟಳಂತೆ. ದುಃಖಕ್ಕಲ್ಲ. ದುಃಖ ಅವಳಿಗೆ ಅಭ್ಯಾಸವಾಗಿತ್ತು. ಇದು ಬೇರೆ. ಗಂಡ ಸತ್ತನೆಂದು ಊರೆಲ್ಲ ಬಂದು ಅತ್ತು ಹೋಗಿತ್ತು, ಅವಳ ಕುಂಕುಮ ಹೋಗಿತ್ತು. ಆದರೂ ಬೆಂಗಳೂರಿನ ತಣ್ಣನೆಯ ಕೋಣೆಯೊಂದರಲ್ಲಿ ಇಬ್ಬರು ದೊಡ್ಡ ಮನುಷ್ಯರು, ಹಾಗೇನೂ ಆಗಿಲ್ಲ ಎಂದು ಒಬ್ಬರಿಗೊಬ್ಬರು ಧನ್ಯವಾದ ಹೇಳಿಕೊಂಡಿದ್ದರು.

ಇದು ಬರೀ ಮಾತಿನಲ್ಲಿ ಮುಗಿದಿದ್ದರೆ ಭೈರಮ್ಮ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಮುಂದಿನ ಬೇಸಿಗೆಗೆ ಇದ್ದ ಆ ಒಂದು ಆಂಬುಲೆನ್ಸೂ ಇಲ್ಲವಾಯಿತು. ಸಾವೇ ಇಲ್ಲದ ತಾಲ್ಲೂಕುಗಳಿಗೆ ವಿಶೇಷ ಗಾಡಿ ಯಾಕೆ ಎಂದು ಮೇಲಿನವರು ಅದನ್ನು ಬೇರೆ ಕಡೆಗೆ ಕೊಟ್ಟಿದ್ದರು. ಎಣ್ಣೆಯ ಬಾಟಲಿಗೂ ಕತ್ತರಿ ಬಿತ್ತು. ರೇಖಾ ಇದನ್ನು ಹೇಳುವಾಗ ತಾನೇ ತಪ್ಪು ಮಾಡಿದವಳಂತೆ ನೆಲ ನೋಡುತ್ತಿದ್ದಳು. ಮಂತ್ರಿ ಓದಿದ ‘ಇಲ್ಲ’ ಎಂಬ ಒಂದು ಮಾತು ಬೆಂಗಳೂರಿನಿಂದ ಹೊರಟು, ಘಟ್ಟ ಹತ್ತಿ, ಬಸರೀಕಟ್ಟೆಯವರೆಗೂ ಬಂದು ಗಾಡಿಯನ್ನು ಎಳೆದುಕೊಂಡು ಹೋಗಿತ್ತು.

ಆ ತಿಂಗಳಲ್ಲೇ ಕೊಪ್ಪದಲ್ಲಿ ಒಂದು ಸಮುದಾಯ ಭವನ ಉದ್ಘಾಟನೆಗೆ ಸೋಮಶೇಖರಪ್ಪನವರು ಬರುವ ಸುದ್ದಿ ತಿಳಿಯಿತು. ಹರೀಶ ದುಡ್ಡು ಮುಟ್ಟದೆ ಜೀಪು ತುಂಬ ಹೆಂಗಸರನ್ನು ಕರೆದುಕೊಂಡು ಹೋದ. ಭಾಷಣ, ಶಾಲು, ಹಾರ ಎಲ್ಲ ನಡೆಯಿತು. ಸದನದಲ್ಲಿ ಮಲೆನಾಡಿಗಾಗಿ ತಾವು ಎಷ್ಟು ಪ್ರಶ್ನೆ ಕೇಳಿದ್ದೇವೆ ಎಂದು ಅವರು ಹೇಳತೊಡಗಿದಾಗ ಭೈರಮ್ಮ ನಡುವಿನ ಸಾಲಿನಲ್ಲಿ ಎದ್ದು ನಿಂತಳು. ಒಬ್ಬ ಕಾರ್ಯಕರ್ತ ಕೂರಿಸಲು ಬಂದ. ಪ್ರೇಮಕ್ಕ ಅವನ ಮುಂದೆ ತನ್ನ ಕುರ್ಚಿ ಎಳೆದು ಹಾಕಿದಳು. ಸೋಮಶೇಖರಪ್ಪನವರು ಗುರುತು ಹಿಡಿದರು. ನಗುತ್ತಲೇ, ಏನಮ್ಮ, ಹೇಳು ಅಂದರು.

“ನೀವು ನಮ್ಮನೆ ಜಗಲಿ ಮೇಲೆ ಕೂತು ಕಾಫಿ ಕುಡಿದ್ರಿ. ನನ್ನ ಗಂಡ ಎಂತದ್ರಿಂದ ಸತ್ತ ಅಂತ ಕೇಳಿ ತಿಳ್ಕಂಡ್ರಿ. ಯಾರೂ ಸತ್ತಿಲ್ಲ ಅಂತ ಮಂತ್ರಿಗಳು ಅಂದಾಗ ನಿಮಗೆ ನಮ್ಮನೆಯವರ ನೆನಪು ಬರಲಿಲ್ವಾ? ಅಲ್ಲ, ನೆನಪು ಬಂದೂ ಕೂತ್ರಾ?”

ಸೋಮಶೇಖರಪ್ಪನವರು ಮೈಕಿನಿಂದ ಸ್ವಲ್ಪ ಹಿಂದೆ ಸರಿದು, ಅದು ಮಂತ್ರಿಗಳು ಕೊಟ್ಟ ಉತ್ತರ, ತಮ್ಮದಲ್ಲ ಎಂದರು. ಇಲಾಖೆಯ ಅಂಕಿಯನ್ನು ತಾವು ಹೇಗೆ ಸುಳ್ಳೆನ್ನಲಿ ಎಂದರು. ಭೈರಮ್ಮ ಕೂರಲಿಲ್ಲ. ಕೊನೆಗೆ ಅವರೇ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಕಾಯಿಲೆಯಿಂದ ಸಾವು ಎಂದು ಟಿವಿಯಲ್ಲಿ ಬಂದರೆ ಹೋಂಸ್ಟೇಗಳಿಗೆ ಜನ ಬರುವುದಿಲ್ಲ, ಜಲಪಾತ ನೋಡಲು ಯಾರೂ ಬರುವುದಿಲ್ಲ, ಊರಿನ ಹೆಸರು ಕೆಡುತ್ತದೆ, ಹೋಂಸ್ಟೇಯವರೇ ಬಂದು ಅದನ್ನು ಎಳೆದಾಡಬೇಡಿ ಎಂದು ಕೇಳಿಕೊಂಡಿದ್ದರು ಎಂದು. ನಿಜವೇ ಇರಬೇಕು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಂದಿಬ್ಬರು ಹೋಂಸ್ಟೇಯವರು ತಲೆ ಕೆಳಗೆ ಹಾಕಿದರು.

“ಹೆಸರು ಕೆಡಬಾರದು ಅಂತ ನಮ್ಮನೆಯವರ ಸಾವು ಅಳಿಸಿದ್ರಿ,” ಅಂದಳು ಭೈರಮ್ಮ. “ಈಗ ಗಾಡಿನೂ ಹೋಯ್ತು. ಇನ್ನು ಯಾರಿಗಾದ್ರೂ ಜ್ವರ ಬಂದ್ರೆ ಹೊತ್ಕಂಡು ಎಲ್ಲಿಗೆ ಬರ್ಲಿ, ನಿಮ್ಮನೆ ಬಾಗಿಲಿಗಾ?”

ಅಷ್ಟು ಹೇಳಿ ಹೊರಗೆ ನಡೆದಳು. ಹೆಂಗಸರೆಲ್ಲ ಎದ್ದು ಹಿಂದೆ ಬಂದರು. ಒಳಗೆ ಯಾರೋ ಗಡಿಬಿಡಿಯಲ್ಲಿ ವಂದನಾರ್ಪಣೆ ಶುರು ಮಾಡಿದರು.

ಅಲ್ಲಿದ್ದವರು ತೆಗೆದ ವಿಡಿಯೋ ಭಂಡಿಗಡಿಯಿಂದ ಹಿಡಿದು ಶೃಂಗೇರಿಯವರೆಗೂ ಹರಿದಾಡಿತು. ಕೆಲವರು ಭೈರಮ್ಮನ ಬೆನ್ನ ಹಿಂದೆ ಯಾರೋ ಇದ್ದಾರೆ ಅಂದರು. ಪರಿಹಾರದ ಆಸೆ ಅಂದವರೂ ಇದ್ದರು. ಅವಳು ಪರಿಹಾರದ ಮಾತನ್ನು ಎಲ್ಲಿಯೂ ಎತ್ತಿರಲಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು. ಹಾಗಿದ್ದೂ ಆಡಿದರು.

ಯಾರೂ ಏನೂ ಹೇಳದೆ, ಒಂದು ಬೆಳಿಗ್ಗೆ ಆಂಬುಲೆನ್ಸ್ ಬಸರೀಕಟ್ಟೆಯಲ್ಲೇ ಬಂದು ನಿಂತಿತು. ಮೂರು ತಾಲ್ಲೂಕಿಗೆ ಒಂದಲ್ಲ, ಇಲ್ಲಿಗೇ ಒಂದು. ಎಣ್ಣೆಯೂ ಬಂತು. ಗಾಡಿಯ ಮುಂದೆ ಭೈರಮ್ಮನನ್ನು ನಿಲ್ಲಿಸಿ ಫೋಟೋ ತೆಗೆಸಲು ಸೋಮಶೇಖರಪ್ಪನವರ ಕಡೆಯವರು ಲೈನ್‌ಮನೆಗೆ ಬಂದಿದ್ದರು. ಅವಳು ಬಾಗಿಲಿಗೂ ಬರಲಿಲ್ಲ. ಒಲೆಯ ಮುಂದೆ ಕೂತೇ, ತನಗೆ ಕೆಲಸ ಇದೆ ಎಂದು ಹೇಳಿ ಕಳಿಸಿದಳು. ಆ ಬೇಸಿಗೆ ಪಕ್ಕದ ತೋಟದ ಶಾಲಿನಿಗೆ ಜ್ವರ ಬಂದಾಗ ಅದೇ ಗಾಡಿ ತಡಮಾಡದೆ ಆಸ್ಪತ್ರೆಗೆ ಇಳಿಸಿತು. ಹುಡುಗಿ ಉಳಿದುಕೊಂಡಳು.

ಸೋಮಶೇಖರಪ್ಪನವರು ಸದನದಲ್ಲಿ ಮತ್ತೆ ಪ್ರಶ್ನೆ ಹಾಕಿದರು, ಈ ಸಲ ವಾಸಪ್ಪನ ಹೆಸರು ಹೇಳಿಯೇ. ನಾಚಿಕೆಗೋ, ಮುಂದಿನ ಚುನಾವಣೆಗೋ, ಅವರಿಗೇ ಗೊತ್ತು. ಮಂತ್ರಿಗಳು, ಸದರಿ ವ್ಯಕ್ತಿಯು ಕಾಯಿಲೆಯಿಂದ ಬಳಲಿದ್ದು ನಿಜ, ಮರಣಕ್ಕೆ ಅನ್ಯ ಕಾರಣವಿರುವುದು ಕಂಡುಬಂದಿರುತ್ತದೆ, ಹಿಂದಿನ ಉತ್ತರವನ್ನು ಬದಲಿಸುವ ಪ್ರಮೇಯ ಉದ್ಭವಿಸುವುದಿಲ್ಲ ಎಂದು ಓದಿದರು.

ಅದನ್ನು ತೋರಿಸಿದ ಹರೀಶ, ಗಾಡಿ ಬಂತಲ್ಲ, ಇನ್ನು ಬಿಟ್ಟುಬಿಡಬಹುದಲ್ಲ ಎಂದು ಮೆಲ್ಲಗೆ ಕೇಳಿದ.

“ಗಾಡಿ ಬದುಕಿದ್ದೋರಿಗೆ ಬಂತು ಮಾರಾಯ,” ಅಂದಳು ಭೈರಮ್ಮ. “ಅದು ಬರಲೇಬೇಕಿತ್ತು. ಬಿಡೋದು ಎಂತಕ್ಕೆ?”

ಈಗಲೂ ಕೊಪ್ಪದಲ್ಲಿ ಯಾರಾದರೂ ಮಂತ್ರಿಯೋ ಸದಸ್ಯರೋ ಬರುವ ಕಾರ್ಯಕ್ರಮವಿದ್ದರೆ ಸಂಘಟಕರು ಮೊದಲು ಬಸರೀಕಟ್ಟೆಯ ಜೀಪು ಬಂದಿದೆಯೇ ಎಂದು ಹೊರಗೆ ಇಣುಕುತ್ತಾರಂತೆ. ಬಂದಿರುತ್ತದೆ. ಮೊನ್ನೆಯೂ ಬಂದಿತ್ತು. ಭೈರಮ್ಮ ಎರಡನೆಯ ಸಾಲಿನಲ್ಲಿ ಕೂತಿದ್ದಳು, ಮೈಕು ತನ್ನ ಕಡೆಗೆ ಬರುವುದನ್ನೇ ಕಾಯುತ್ತ.